ಗುಳೆ, ಮೇಳ, ದೈವ: ವಿಕೇಂದ್ರಿತ ಸಾಮಾಜಿಕ ಜಾಲಗಳ ಒಂದು ಜಾನಪದೀಯ ವಿಮರ್ಶೆ

1. ಪ್ರಸ್ತಾವನೆ

ಕನ್ನಡ ಜಾನಪದ ಅಧ್ಯಯನವು ಬಹುಕಾಲ ಪಠ್ಯಕೇಂದ್ರಿತವಾಗಿತ್ತು. ಹಾಡು, ಕಥೆ, ಒಗಟು, ಗಾದೆಗಳನ್ನು ಸಂಗ್ರಹಿಸುವುದು, ವರ್ಗೀಕರಿಸುವುದು, ಪಾಠಾಂತರಗಳನ್ನು ಹೋಲಿಸುವುದು ಅದರ ಮುಖ್ಯ ಕಾರ್ಯವಾಗಿತ್ತು. ಡ್ಯಾನ್ ಬೆನ್-ಅಮೋಸ್ ಅವರು 1971ರ ತಮ್ಮ ಲೇಖನದಲ್ಲಿ ಜಾನಪದವನ್ನು ಚಿಕ್ಕ ಗುಂಪಿನೊಳಗಿನ ಕಲಾತ್ಮಕ ಸಂವಹನವಾಗಿ ಕಾಣಬೇಕೆಂದು ವಾದಿಸಿದ ಮೇಲೆ ಹಾಡಿನಷ್ಟೇ ಹಾಡುವ ಸಂದರ್ಭವೂ, ಹಾಡಿದವರಷ್ಟೇ ಕೇಳಿದವರೂ ಅಧ್ಯಯನದ ವ್ಯಾಪ್ತಿಗೆ ಬಂದರು. ಇಂದು ಆ ಸಂದರ್ಭದ ಒಂದು ದೊಡ್ಡ ಭಾಗ ಮೊಬೈಲಿನೊಳಗೆ ಸೇರಿದೆ. ಭಜನಾ ಮೇಳದ ತತ್ವಪದ, ಮೊಹರಂ ಕಾಲದ ರಿವಾಯತು, ಜಾತ್ರೆಯ ಗೀಗೀ ಪದಗಳ ಸವಾಲು-ಜವಾಬು ಧ್ವನಿಮುದ್ರಣಗೊಂಡು ವಾಟ್ಸ್‌ಆ್ಯಪ್, ಯೂಟ್ಯೂಬ್, ಫೇಸ್‌ಬುಕ್ಕುಗಳಲ್ಲಿ ಸಂಚರಿಸುತ್ತಿವೆ. ಹೀಗಿರುವಾಗ ಈ ಜಾಲಗಳ ಒಡೆತನ ಯಾರದು, ಅವು ಮುಚ್ಚಿದರೆ ಹಾಡು ಎಲ್ಲಿಗೆ ಹೋಗುತ್ತದೆ ಎಂಬುದು ಜಾನಪದ ವಿದ್ವಾಂಸರು ಕೇಳಬೇಕಾದ ಪ್ರಶ್ನೆಯೇ ಆಗಿದೆ.

ಕಳೆದ ಕೆಲವು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರವಾಗಿ ವಿಕೇಂದ್ರಿತ ಸಾಮಾಜಿಕ ಜಾಲಗಳನ್ನು ಮುಂದಿಡಲಾಗುತ್ತಿದೆ. ಒಂದೇ ಕಂಪನಿಯ ಹಿಡಿತದಲ್ಲಿರುವ ಜಾಲವನ್ನು ಬಿಟ್ಟು, ಹಲವರು ಹಲವೆಡೆ ನಡೆಸುವ, ಆದರೆ ಪರಸ್ಪರ ಮಾತನಾಡಬಲ್ಲ ಜಾಲಕ್ಕೆ ಹೋಗಬೇಕು ಎಂಬುದು ಈ ವಾದದ ತಿರುಳು. ವಾದ ಮಾಡುವವರು ಬಹುಪಾಲು ನಗರದವರು, ತಂತ್ರಜ್ಞಾನ ಬಲ್ಲವರು. ಪ್ರಸ್ತುತ ಪ್ರಬಂಧವು ಅದೇ ವಾದವನ್ನು ಭೀಮಾ ತೀರದಿಂದ, ಇಂಡಿ ತಾಲ್ಲೂಕಿನ ಅಗರಖೇಡದಂಥ ಊರಿನ ನೆಲೆಯಿಂದ ಪರಿಶೀಲಿಸುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜನಪದರು ಕೇಂದ್ರವಿಲ್ಲದೆ ಸಂವಹನ ನಡೆಸುವ ಕಲೆಯನ್ನು ತಲೆಮಾರುಗಳಿಂದ ಬಲ್ಲವರು. ಅವರ ಅನುಭವದಲ್ಲಿರುವ ಗುಳೆ, ಮೇಳ, ದೈವ ಎಂಬ ಮೂರು ಪರಿಕಲ್ಪನೆಗಳು ಈ ಹೊಸ ಜಾಲಗಳನ್ನು ಅಳೆಯಲು ಒಳ್ಳೆಯ ಮಾನದಂಡಗಳಾಗಬಲ್ಲವು ಎಂಬುದು ಇಲ್ಲಿಯ ಪ್ರಮೇಯ.

2. ಗುಳೆಯೋ, ನೆಲೆಯೋ?

ವಿಕೇಂದ್ರಿತ ಜಾಲಗಳಲ್ಲಿ ಹೆಚ್ಚು ಪರಿಚಿತವಾದುದು ಮಾಸ್ಟಡಾನ್. ಜರ್ಮನಿಯ ಯೂಗೆನ್ ರಾಚ್ಕೊ ಇದನ್ನು 2016ರಲ್ಲಿ ಹೊರತಂದರು. ಇದರ ತಂತ್ರಾಂಶ ಮುಕ್ತವಾದುದು. ಯಾರು ಬೇಕಾದರೂ ಅದನ್ನು ತಮ್ಮ ಸರ್ವರ್‌ನಲ್ಲಿ ಸ್ಥಾಪಿಸಿಕೊಂಡು ಒಂದು ಚಿಕ್ಕ ಜಾಲವನ್ನು ನಡೆಸಬಹುದು. ಒಂದು ಸರ್ವರಿನ ಸದಸ್ಯ ಇನ್ನೊಂದು ಸರ್ವರಿನ ಸದಸ್ಯನ ಬರಹವನ್ನು ಓದಬಹುದು, ಉತ್ತರಿಸಬಹುದು. ಹೀಗೆ ಬೇರೆ ಬೇರೆ ಸರ್ವರುಗಳು ಮಾತನಾಡಿಕೊಳ್ಳಲು ಬೇಕಾದ ಸಮಾನ ನಿಯಮಾವಳಿಗೆ ಆ್ಯಕ್ಟಿವಿಟಿಪಬ್ ಎಂದು ಹೆಸರು. ಅಂತರಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯುತ್ರೀಸಿ ಸಂಸ್ಥೆ ಇದನ್ನು 2018ರ ಜನವರಿಯಲ್ಲಿ ಅಂಗೀಕರಿಸಿತು.

ಭಾರತದಲ್ಲಿ ಈ ಹೆಸರು ಮೊದಲು ವ್ಯಾಪಕವಾಗಿ ಕೇಳಿಬಂದದ್ದು 2019ರ ನವೆಂಬರ್‌ನಲ್ಲಿ. ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತುಗೊಂಡಿತ್ತು. ಅವರು ಬಳಸಿದ್ದ ಒಂದು ಚಿತ್ರ, ನಾಜಿ ವಂದನೆ ಸಲ್ಲಿಸಲು ಒಪ್ಪದೆ ಜನಸಮೂಹದ ನಡುವೆ ಕೈಕಟ್ಟಿ ನಿಂತ ಜರ್ಮನ್ ವ್ಯಕ್ತಿಯದು. ಅದೇ ದಿನಗಳಲ್ಲಿ ದಲಿತ, ಆದಿವಾಸಿ ಹಾಗೂ ಹಿಂದುಳಿದ ವರ್ಗಗಳ ಬರಹಗಾರರು ಟ್ವಿಟರಿನ ನೀಲಿ ಗುರುತು ನೀಡುವ ಕ್ರಮದಲ್ಲಿ ಜಾತಿ ತಾರತಮ್ಯವಿದೆಯೆಂದು ದೊಡ್ಡ ಪ್ರತಿಭಟನೆ ನಡೆಸಿದರು. ಈ ಎರಡು ಅಸಮಾಧಾನಗಳು ಕೂಡಿ ಸಾವಿರಾರು ಭಾರತೀಯರು ಮಾಸ್ಟಡಾನಿನಲ್ಲಿ ಖಾತೆ ತೆರೆದರು. ಆದರೆ ಅವರಲ್ಲಿ ಬಹಳಷ್ಟು ಜನ ಅಲ್ಲಿ ನಿಲ್ಲಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ ಟ್ವಿಟರನ್ನು ಕೊಂಡ ಮೇಲೆ ಜಗತ್ತಿನಾದ್ಯಂತ ಇದೇ ಬಗೆಯ ಎರಡನೆಯ ಹೊರಡುವಿಕೆ ನಡೆಯಿತು. ಸುಮಾರು 3 ಲಕ್ಷದಷ್ಟಿದ್ದ ಮಾಸ್ಟಡಾನಿನ ಮಾಸಿಕ ಸಕ್ರಿಯ ಬಳಕೆದಾರರ ಸಂಖ್ಯೆ ಕೆಲವೇ ವಾರಗಳಲ್ಲಿ 25 ಲಕ್ಷದ ಸಮೀಪಕ್ಕೆ ಏರಿತು; 2023ರಲ್ಲಿ ಗಣನೀಯವಾಗಿ ಇಳಿಯಿತು.

ಈ ಚಲನೆಯನ್ನು ಪತ್ರಿಕೆಗಳು 'ವಲಸೆ' ಎಂದು ಕರೆದವು. ಉತ್ತರ ಕರ್ನಾಟಕದ ಜನಪದರಲ್ಲಿ ಇದಕ್ಕಿಂತ ನಿಖರವಾದ ಮಾತಿದೆ, ಅದು ಗುಳೆ. ಮಳೆ ಕೈಕೊಟ್ಟ ವರ್ಷ ಕುಟುಂಬವು ದುಡಿಮೆಯನ್ನು ಹುಡುಕಿಕೊಂಡು ಮಹಾರಾಷ್ಟ್ರಕ್ಕೋ, ಗೋವೆಗೋ, ಬೆಂಗಳೂರಿಗೋ ಹೊರಡುತ್ತದೆ. ಮನೆ ಮಾರುವುದಿಲ್ಲ, ಹಿರಿಯರೂ ಮಕ್ಕಳೂ ಎಷ್ಟೋ ಸಲ ಊರಲ್ಲೇ ಉಳಿಯುತ್ತಾರೆ, ದೇವರು, ಜಾತ್ರೆ, ಹೊಲ, ಸಾಲ ಎಲ್ಲವೂ ಊರಿಗೆ ಕಟ್ಟಿಕೊಂಡಿರುತ್ತವೆ. ಆದ್ದರಿಂದ ಗುಳೆ ಹೋದವರು ಮರಳುತ್ತಾರೆ. 2019ರ ನಡೆ ಇಂಥ ಗುಳೆಯೇ ಹೊರತು ನೆಲೆಯ ಬದಲಾವಣೆಯಲ್ಲ. ಹೋದವರ ಓದುಗರು, ಗೆಳೆಯರು, ವಿರೋಧಿಗಳು ಹಳೆಯ ಜಾಲದಲ್ಲಿಯೇ ಇದ್ದರು. ಅವರು ಮರಳಿದ್ದನ್ನು ಮನೋದಾರ್ಢ್ಯದ ಕೊರತೆಯೆಂದು ಹೀಯಾಳಿಸುವುದು ಸರಿಯಲ್ಲ. ಸಂಬಂಧಗಳು ಇರುವಲ್ಲಿಗೆ ಮನುಷ್ಯ ಮರಳುವುದು ಸಹಜ. ಹಾಗೆಂದೇ ಕೇಂದ್ರಿತ ಜಾಲದ ನಿಜವಾದ ಬಂಡವಾಳ ಅದರ ತಂತ್ರಾಂಶವಲ್ಲ, ನಮ್ಮ ಸಂಬಂಧಗಳು ಎಂಬುದು ಸ್ಪಷ್ಟವಾಗುತ್ತದೆ. 2022ರ ಡಿಸೆಂಬರ್ 18ರಂದು ಟ್ವಿಟರ್ ಕಂಪನಿಯು ಮಾಸ್ಟಡಾನ್ ಮುಂತಾದ ಜಾಲಗಳ ವಿಳಾಸವನ್ನು ತನ್ನಲ್ಲಿ ಹಂಚಿಕೊಳ್ಳುವುದನ್ನೇ ನಿಷೇಧಿಸಿ, ವಿರೋಧ ಬಂದೊಡನೆ ಆ ನಿಯಮವನ್ನು ಹಿಂತೆಗೆದುಕೊಂಡಿತು. ಊರು ಬಿಟ್ಟು ಹೋಗುವವರು ತಮ್ಮ ಹೊಸ ಠಿಕಾಣಿಯನ್ನು ನೆರೆಯವರಿಗೆ ಹೇಳದಂತೆ ಅಗಸಿ ಬಾಗಿಲನ್ನು ಮುಚ್ಚಿದಂಥ ಕ್ರಮವಿದು.

3. ಸ್ವದೇಶಿಯೆಂಬುದು ವಿಕೇಂದ್ರಿತವಲ್ಲ

ಹಳ್ಳಿಯ ಕಲಾವಿದರ ದೃಷ್ಟಿಯಿಂದ ಟ್ವಿಟರಿನ ಗುಳೆಗಿಂತ ಹೆಚ್ಚು ಪರಿಣಾಮ ಮಾಡಿದ ಘಟನೆ ಟಿಕ್‌ಟಾಕ್ ನಿಷೇಧ. ಕೇಂದ್ರ ಸರ್ಕಾರವು 2020ರ ಜೂನ್ 29ರಂದು ನಿಷೇಧಿಸಿದ 59 ಚೀನೀ ಮೂಲದ ಆ್ಯಪ್‌ಗಳಲ್ಲಿ ಅದೂ ಒಂದು. ನಿಷೇಧದ ರಾಜಕೀಯ ಔಚಿತ್ಯ ಇಲ್ಲಿಯ ವಿಷಯವಲ್ಲ. ಸಭೆಯ ಮುಂದೆ ಎಂದೂ ನಿಲ್ಲದ ಅನೇಕ ಹೆಣ್ಣುಮಕ್ಕಳು, ಕೂಲಿಕಾರರು, ಹಾಡುಗಾರರು ಅಲ್ಲಿ ಹಾಡಿದ್ದು, ಕುಣಿದದ್ದು, ನಕ್ಕದ್ದು ಒಂದೇ ರಾತ್ರಿಯಲ್ಲಿ ಅವರ ಕೈಗೇ ಸಿಗದಂತಾಯಿತು ಎಂಬುದು ಗಮನಿಸಬೇಕಾದ ಅಂಶ. ಇದಕ್ಕೂ ಮುಂಚೆ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿದ್ದವು. ಮೊದಲನೆಯದು ಸರ್ಕಾರದ ಆಜ್ಞೆ, ಉಳಿದೆರಡು ಕಂಪನಿಯ ನಿರ್ಧಾರ. ಬಳಸುವವನಿಗೆ ಮಾತ್ರ ಫಲ ಒಂದೇ.

ಇಂಥ ಸಂದರ್ಭದಲ್ಲಿ ಕನ್ನಡಿಗರಿಗೆ ಆಸೆ ಹುಟ್ಟಿಸಿದ್ದು 'ಕೂ'. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವತ್ಕಾ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಈ ಜಾಲವು 2020ರಲ್ಲಿ ಮೊದಲು ಕನ್ನಡದಲ್ಲಿಯೇ ಕಣ್ತೆರೆಯಿತು. ಜಾಗತಿಕ ಮಟ್ಟದ ತಂತ್ರಜ್ಞಾನಗಳು ಇಂಗ್ಲಿಷಿನಲ್ಲಿ ಹುಟ್ಟಿ ಕೊನೆಗೆ ಕನ್ನಡಕ್ಕೆ ಬರುವುದು ರೂಢಿ. ಇಲ್ಲಿ ಆ ಕ್ರಮ ತಲೆಕೆಳಗಾದದ್ದು ನಿಸ್ಸಂದೇಹವಾಗಿ ಒಂದು ಸಾಂಸ್ಕೃತಿಕ ಘಟನೆ. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದು ಗೆದ್ದಿತು. ಮಂತ್ರಿಗಳು, ನಟರು, ಕ್ರಿಕೆಟ್ ಆಟಗಾರರು ಅಲ್ಲಿಗೆ ಬಂದರು. ಆದರೆ ಬೇರೆ ಕಂಪನಿಗಳೊಡನೆ ನಡೆದ ಮಾತುಕತೆಗಳು ಫಲಿಸದೆ, 2024ರ ಜುಲೈನಲ್ಲಿ ಸೇವೆಯನ್ನು ನಿಲ್ಲಿಸುವುದಾಗಿ ಸ್ಥಾಪಕರು ಪ್ರಕಟಿಸಿದರು.

ಕೂ ಪ್ರಕರಣವು ವಿಮರ್ಶಕರಿಗೆ ಒಂದು ಮುಖ್ಯ ಭೇದವನ್ನು ಕಲಿಸುತ್ತದೆ. ಜಾಲದ ಭಾಷೆ ಬದಲಾಯಿತು. ಒಡೆತನದ ರೂಪ ಬದಲಾಗಲಿಲ್ಲ. ಸರ್ವರ್ ಒಂದೇ ಕಂಪನಿಯದು, ನಿಯಮ ಒಂದೇ ಕಂಪನಿಯದು, ಹೂಡಿಕೆದಾರರ ಹಣ ನಿಂತರೆ ಎಲ್ಲವೂ ನಿಲ್ಲುವಂಥದು. ಕನ್ನಡದಲ್ಲಿ ಮಾತನಾಡುವ ಒಡೆಯನೂ ಒಡೆಯನೇ. 'ಸ್ವದೇಶಿ' ಮತ್ತು 'ವಿಕೇಂದ್ರಿತ' ಎಂಬ ಎರಡು ವಿಶೇಷಣಗಳನ್ನು ನಮ್ಮ ಚರ್ಚೆಗಳು ಪರ್ಯಾಯ ಪದಗಳಂತೆ ಬಳಸುತ್ತ ಬಂದಿವೆ. ಮೊದಲನೆಯದು ಒಡೆಯನ ಊರನ್ನು ಸೂಚಿಸುತ್ತದೆ, ಎರಡನೆಯದು ಒಡೆಯರ ಸಂಖ್ಯೆಯನ್ನು. ಹಾಡು ಉಳಿಯುವ ಪ್ರಶ್ನೆ ಬಂದಾಗ ಎರಡನೆಯದೇ ನಿರ್ಣಾಯಕ.

4. ಮಟ್ಟು ಮತ್ತು ಮೇಳ

ವಿಕೇಂದ್ರಿತ ಜಾಲದ ಕಲ್ಪನೆ ಹಲವರಿಗೆ ಕಷ್ಟವೆನಿಸುತ್ತದೆ. 'ಯಾವ ಸರ್ವರಿಗೆ ಸೇರಬೇಕು?' ಎಂಬ ಮೊದಲ ಪ್ರಶ್ನೆಯಲ್ಲಿಯೇ ನಗರದ ವಿದ್ಯಾವಂತರೂ ಎಡವುತ್ತಾರೆ. ಆದರೆ ಗೀಗೀ ಮೇಳಗಳನ್ನು ಕಂಡ ಸೀಮೆಗೆ ಈ ರಚನೆ ಹೊಸದಲ್ಲ.

ಗೀಗೀ ಪದದ ಮುಮ್ಮೇಳದಲ್ಲಿ ಡಪ್ಪು ಹಿಡಿದ ಹಾಡುಗಾರ ಅಥವಾ ಹಾಡುಗಾರ್ತಿ, ಹಿಮ್ಮೇಳದಲ್ಲಿ ತುಂತುಣಿ ಮತ್ತು ತಾಳ. ಹರದೇಶಿ ಮತ್ತು ನಾಗೇಶಿ ಎಂದು ಎರಡು ಪಂಥ. ಹರದೇಶಿ ಶಿವನ, ಪುರುಷನ ಹಿರಿಮೆಯನ್ನು ಹಾಡಿದರೆ ನಾಗೇಶಿ ಶಕ್ತಿಯ, ಸ್ತ್ರೀಯ ಹಿರಿಮೆಯನ್ನು ಹಾಡುತ್ತದೆ. ಒಂದು ಊರಿನ ಮೇಳ ಇನ್ನೊಂದು ಊರಿನ ಮೇಳವನ್ನು ಜಾತ್ರೆಯಲ್ಲಿ ಎದುರಿಸಿ ಬೆಳತನಕ ಸವಾಲು ಹಾಕುತ್ತದೆ, ಜವಾಬು ಪಡೆಯುತ್ತದೆ. ಈ ಮೇಳಗಳಿಗೆಲ್ಲ ಮೇಲೊಂದು ಕಚೇರಿಯಿಲ್ಲ, ಎಲ್ಲ ಪದಗಳನ್ನು ಒಂದೆಡೆ ಇಟ್ಟುಕೊಂಡ ಧಣಿಯಿಲ್ಲ. ಆದರೂ ಭೀಮೆಯ ದಂಡೆಯ ಮೇಳ ಕೃಷ್ಣೆಯ ದಂಡೆಯ ಮೇಳದೊಡನೆ ಮೊದಲ ಭೇಟಿಯಲ್ಲಿಯೇ ಹಾಡಬಲ್ಲದು. ಇದು ಸಾಧ್ಯವಾದದ್ದು ಮಟ್ಟು, ಪಲ್ಲವಿ, ಹಿಮ್ಮೇಳದ ಎತ್ತುಗಡೆ, ಸವಾಲಿಗೆ ಜವಾಬು ಕೊಡುವ ಕ್ರಮ ಇವೆಲ್ಲ ಸಮಾನವಾಗಿರುವುದರಿಂದ. ಮಟ್ಟು ಎಲ್ಲರದು, ಪದ ಆಯಾ ಮೇಳದ್ದು. ಆ್ಯಕ್ಟಿವಿಟಿಪಬ್ ಎಂಬುದನ್ನು ಈ ಸೀಮೆಯವರಿಗೆ ವಿವರಿಸುವುದಾದರೆ ಅದೊಂದು ಮಟ್ಟು ಎಂದರೆ ಸಾಕು. ಒಂದೊಂದು ಸರ್ವರು ಒಂದೊಂದು ಮೇಳ.

ಈ ಹೋಲಿಕೆಯಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ವಿಕೇಂದ್ರೀಕರಣವೆಂದರೆ ನಿಯಮರಾಹಿತ್ಯವಲ್ಲ. ಕೇಂದ್ರವಿಲ್ಲದ ಕಡೆ ಸಮಾನ ನಿಯಮದ ಶಿಸ್ತು ಹೆಚ್ಚು ಬೇಕಾಗುತ್ತದೆ. ಮಟ್ಟು ತಪ್ಪಿದ ಮೇಳಕ್ಕೆ ಯಾರೂ ಜವಾಬು ಕೊಡಲಾರರು. ಎರಡನೆಯದು, ಮೇಳ ಬದಲಿಸಿದ ಹಾಡುಗಾರ ತನ್ನ ಪದಗಳನ್ನು ಎದೆಯಲ್ಲಿ ಹೊತ್ತು ಹೋಗುತ್ತಾನೆ. ಇಲ್ಲಿ ಹೋಲಿಕೆ ಮುರಿಯುತ್ತದೆ. ಮಾಸ್ಟಡಾನಿನಲ್ಲಿ ಒಂದು ಸರ್ವರಿನಿಂದ ಇನ್ನೊಂದಕ್ಕೆ ಖಾತೆಯನ್ನು ಸ್ಥಳಾಂತರಿಸುವ ಸೌಲಭ್ಯವಿದೆ. ಅದು ನಮ್ಮನ್ನು ಹಿಂಬಾಲಿಸುವವರನ್ನು ಹೊಸ ವಿಳಾಸಕ್ಕೆ ಕರೆತರುತ್ತದೆ; ಹಳೆಯ ಬರಹಗಳನ್ನು ಕರೆತರುವುದಿಲ್ಲ. ಅವುಗಳ ಪ್ರತಿಯನ್ನು ಇಳಿಸಿಕೊಳ್ಳಬಹುದು, ಆದರೆ ಹೊಸ ಸರ್ವರಿನಲ್ಲಿ ಅವು ನೆಲೆಗೊಳ್ಳುವುದಿಲ್ಲ. ಕೇಳುಗರು ಜೊತೆಗೆ ಬಂದರು, ಹಾಡು ಹಿಂದೆ ಉಳಿಯಿತು. ಸಂಭಾಷಣೆಯನ್ನೇ ಮುಖ್ಯವೆಂದು ಬಗೆಯುವ ಪತ್ರಕರ್ತನಿಗೆ ಇದು ಸಣ್ಣ ತೊಂದರೆ. ಪದವನ್ನೇ ಆಸ್ತಿಯೆಂದು ಬಗೆಯುವ ಕಲಾವಿದನಿಗೆ, ಸಂಗ್ರಾಹಕನಿಗೆ ಇದು ಮೂಲಭೂತ ಕೊರತೆ. ವಿಕೇಂದ್ರಿತ ಜಾಲಗಳ ಪ್ರಚಾರಕರು ಈ ಮಿತಿಯನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಾಗಿದೆ.

5. ಸ್ವಂತ ಮುದ್ರಣಾಲಯದ ಪಾಠ

ಸಂವಹನದ ಸಾಧನ ಬೇರೆಯವರ ಕೈಯಲ್ಲಿದ್ದಾಗ ಏನಾಗುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯ ಇತಿಹಾಸದಲ್ಲಿ ದೊಡ್ಡ ನಿದರ್ಶನವಿದೆ. ಫ.ಗು. ಹಳಕಟ್ಟಿಯವರು (1880–1964) ಮನೆಮನೆ, ಮಠಮಠ ಅಲೆದು ವಚನಗಳ ತಾಡೋಲೆ, ಕಾಗದದ ಪ್ರತಿಗಳನ್ನು ಕೂಡಿಸಿದರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು ಮಂಗಳೂರಿನ ಪ್ರಸಿದ್ಧ ಮುದ್ರಣಾಲಯವೊಂದು ಆ ಹಸ್ತಪ್ರತಿಯನ್ನು ಮರಳಿಸಿದ ಸಂಗತಿ ಹಳಕಟ್ಟಿಯವರ ಜೀವನಚರಿತ್ರೆ ಬಲ್ಲವರಿಗೆಲ್ಲ ತಿಳಿದದ್ದೇ. 1925ರಲ್ಲಿ ಅವರು ವಿಜಾಪುರದಲ್ಲಿ ಸ್ವಂತ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಸಾಧನದ ಒಡೆತನವಿಲ್ಲದೆ ಪಠ್ಯದ ರಕ್ಷಣೆಯಿಲ್ಲ ಎಂಬ ತಿಳಿವಳಿಕೆ ಈ ನಡೆಯ ಹಿಂದಿದೆ. ಸ್ವಂತ ಸರ್ವರ್ ಎಂಬ ಮಾತು ಕೇಳಿದಾಗ ವಿಜಯಪುರ ಸೀಮೆಯವರಿಗೆ ನೆನಪಾಗಬೇಕಾದದ್ದು ಹಿತಚಿಂತಕ ಮುದ್ರಣಾಲಯವೇ.

ಹಾಗೆಂದು ಈ ಕಥೆಯನ್ನು ಕೇವಲ ಸ್ಫೂರ್ತಿಗಾಗಿ ಹೇಳುವಂತಿಲ್ಲ. ಆ ಮುದ್ರಣಾಲಯ ನಡೆದದ್ದು ಒಬ್ಬ ವ್ಯಕ್ತಿಯ ಆಸ್ತಿ, ಆರೋಗ್ಯ, ಆಯುಷ್ಯಗಳ ವೆಚ್ಚದಲ್ಲಿ. ವಿಕೇಂದ್ರಿತ ಜಾಲದ ಎಷ್ಟೋ ಸರ್ವರುಗಳ ಸ್ಥಿತಿ ಇಂದು ಹೀಗೆಯೇ ಇದೆ. ಒಬ್ಬಿಬ್ಬರು ಸ್ವಯಂಸೇವಕರು ತಮ್ಮ ಹಣ, ಸಮಯ ಹಾಕಿ ನಡೆಸುತ್ತಾರೆ, ದಣಿದಾಗ ಮುಚ್ಚುತ್ತಾರೆ. ತಂತ್ರಜ್ಞರಲ್ಲಿ ಹೆಸರಾಗಿದ್ದ ಮಾಸ್ಟಡಾನ್.ಟೆಕ್ನಾಲಜಿ ಎಂಬ ಸರ್ವರ್ 2022ರ ಕೊನೆಯಲ್ಲಿ ಮುಚ್ಚಿದ್ದು ಇಂಥ ಕಾರಣಕ್ಕೇ. ಆಫ್ಘಾನಿಸ್ತಾನದ ಡೊಮೇನ್ ಹೆಸರನ್ನು ಬಳಸುತ್ತಿದ್ದ ಇನ್ನೊಂದು ಸರ್ವರ್ 2024ರ ಫೆಬ್ರವರಿಯಲ್ಲಿ ತಾಲಿಬಾನ್ ಆಡಳಿತವು ಆ ಹೆಸರನ್ನು ರದ್ದುಪಡಿಸಿದ್ದರಿಂದ ತನ್ನ ವಿಳಾಸವನ್ನೇ ಕಳೆದುಕೊಂಡಿತು. ಮಾಸ್ಟಡಾನ್ ಯೋಜನೆಯು 2019ರಲ್ಲಿ ರೂಪಿಸಿದ ಸರ್ವರ್ ಒಡಂಬಡಿಕೆಯಲ್ಲಿ ದಿನವೂ ಪ್ರತಿ ತೆಗೆದಿಡಬೇಕು, ತುರ್ತಿನಲ್ಲಿ ನಿರ್ವಹಿಸಬಲ್ಲ ಎರಡನೆಯ ವ್ಯಕ್ತಿ ಇರಬೇಕು, ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು ಎಂಬ ಷರತ್ತುಗಳಿವೆ. ಅದರ ಅಧಿಕೃತ ಪಟ್ಟಿಯಲ್ಲಿ ಸೇರಬಯಸುವ ಸರ್ವರುಗಳಿಗೆ ಮಾತ್ರ ಇವು ಅನ್ವಯ. ಆದರೂ ಅನುಭವದಿಂದ ಬಂದ ವಿವೇಕ ಅವುಗಳಲ್ಲಿದೆ.

ಹಳಕಟ್ಟಿಯವರಿಗೆ ವಚನಗಳು ದೊರೆತ ರೀತಿಯಲ್ಲಿಯೂ ಒಂದು ಪಾಠವಿದೆ. ವಚನಗಳು ಶತಮಾನಗಳನ್ನು ದಾಟಿ ಬಂದದ್ದು ಯಾವುದೋ ಒಂದು ಭಂಡಾರದ ಭದ್ರತೆಯಿಂದಲ್ಲ. ಪ್ರತಿಗಳು ಹಲವು ಮಠ, ಹಲವು ಮನೆಗಳಲ್ಲಿ ಹರಡಿಕೊಂಡಿದ್ದವು. ಒಂದೆಡೆ ಗೆದ್ದಲು ತಿಂದದ್ದು ಇನ್ನೊಂದೆಡೆ ಜಂತಿಯ ಮೇಲೆ ಉಳಿದಿತ್ತು. ಪ್ರತಿಗಳ ಬಾಹುಳ್ಯವೇ ಪಠ್ಯದ ಆಯುಷ್ಯ. ಈ ಅರ್ಥದಲ್ಲಿ ಒಂದು ಕಂಪನಿಯ ಬೃಹತ್ ಕಟ್ಟಡಕ್ಕಿಂತ ಹತ್ತು ಸಾಧಾರಣ ಗ್ರಂಥಾಲಯಗಳ ಹತ್ತು ಪ್ರತಿಗಳು ಹೆಚ್ಚು ನಂಬಿಕೆಗೆ ಅರ್ಹ.

6. ಕೂಡಿದ ದೈವ ಮತ್ತು ಬಹಿಷ್ಕಾರ

ಉತ್ತರ ಕರ್ನಾಟಕದ ಮೇಳ ಸಂಪ್ರದಾಯದಲ್ಲಿ 'ದೈವ' ಎಂಬುದಕ್ಕೆ ದೇವರು ಎಂಬುದರ ಜೊತೆಗೆ ನೆರೆದ ಜನ ಎಂಬ ಅರ್ಥವೂ ಇದೆ. ಹಾಡುಗಾರ ಕೂಡಿದ ದೈವಕ್ಕೆ ಶರಣು ಹೇಳಿ ಪದ ಎತ್ತುತ್ತಾನೆ. ಸವಾಲು ಮಿತಿ ಮೀರಿದರೆ, ಮಾತು ಅಶ್ಲೀಲವಾದರೆ ತಡೆಯುವುದೂ, ಗೆಲುವನ್ನು ನಿರ್ಣಯಿಸುವುದೂ ಈ ದೈವವೇ. ಪ್ಯೋತ್ರ್ ಬೊಗತಿರೆವ್ ಮತ್ತು ರೋಮನ್ ಯಾಕಬ್ಸನ್ 1929ರ ತಮ್ಮ ಲೇಖನದಲ್ಲಿ ಸಮುದಾಯವು ಒಪ್ಪದ ಕೃತಿ ಜಾನಪದವಾಗಿ ಉಳಿಯುವುದೇ ಇಲ್ಲ, ಸಮುದಾಯದ ಸೆನ್ಸಾರ್ ಅಲ್ಲಿ ಕೃತಿಯ ಹುಟ್ಟಿನೊಳಗೇ ಇರುತ್ತದೆ ಎಂದು ನಿರೂಪಿಸಿದ್ದಾರೆ. ಕೇಂದ್ರಿತ ಜಾಲದಲ್ಲಿ ಈ ಕೆಲಸವನ್ನು ದೂರದ ಊರಿನ ಕಂಪನಿಯ ಯಂತ್ರ ಮಾಡುತ್ತದೆ. ಅದಕ್ಕೆ ಪ್ರಾದೇಶಿಕ ಬೈಗುಳದ ಸಲಿಗೆಯೂ ತಿಳಿಯದು, ಸೌಮ್ಯ ಮಾತಿನ ಒಳಗಿನ ಜಾತಿ ನಿಂದೆಯೂ ತಿಳಿಯದು. ಸರ್ವರು ಚಿಕ್ಕದಾಗಿದ್ದು ಅದನ್ನು ನೋಡಿಕೊಳ್ಳುವವರು ಆ ಭಾಷೆಯವರೇ ಆಗಿದ್ದರೆ ತೀರ್ಮಾನ ಸಂದರ್ಭಕ್ಕೆ ಹತ್ತಿರವಾಗಬಹುದು. ವಿಕೇಂದ್ರಿತ ಜಾಲದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದು.

ಆದರೆ ಇದೇ ಅದರ ಅತ್ಯಂತ ಅಪಾಯಕಾರಿ ಸ್ಥಳವೂ ಹೌದು. ಊರ ದೈವದಲ್ಲಿ ಯಾರು ಕೂಡಬಹುದಿತ್ತು, ಯಾರು ಕಟ್ಟೆಯ ಮೇಲೆ, ಯಾರು ದೂರದಲ್ಲಿ ನಿಲ್ಲಬೇಕಿತ್ತು ಎಂಬುದನ್ನು ಜಾನಪದ ವಿದ್ವಾಂಸರು ಮರೆಯಲಾಗದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಡಾ. ಬಿ.ಆರ್. ಅಂಬೇಡ್ಕರ್ ಅವರು ಹಳ್ಳಿಯನ್ನು ಆದರ್ಶ ಗಣರಾಜ್ಯವೆಂದು ಕೊಂಡಾಡುವವರನ್ನು ಕಟುವಾಗಿ ಟೀಕಿಸಿ, ಸಂವಿಧಾನದ ಘಟಕವಾಗಿ ವ್ಯಕ್ತಿಯನ್ನು ಎತ್ತಿಹಿಡಿದರು. ಚಿಕ್ಕದೆಂಬ ಕಾರಣಕ್ಕೇ ಒಂದು ಸಮುದಾಯ ನ್ಯಾಯವಾದುದೆಂದು ಭಾವಿಸುವವರಿಗೆ ಆ ಮಾತು ಇಂದಿಗೂ ಎಚ್ಚರಿಕೆ. ಸರ್ವರಿನ ನಿರ್ವಾಹಕ ಊರ ಗೌಡನಂತೆ ವರ್ತಿಸಬಹುದು. ಒಬ್ಬ ಸದಸ್ಯನನ್ನು, ಬೇಕೆಂದರೆ ಇನ್ನೊಂದು ಇಡೀ ಸರ್ವರನ್ನು, ಸಂಪರ್ಕದಿಂದ ಕಡಿದುಹಾಕಬಹುದು. 2019ರ ಜುಲೈನಲ್ಲಿ ದ್ವೇಷಭಾಷಣಕ್ಕೆ ಹೆಸರಾದ ಅಮೆರಿಕದ 'ಗ್ಯಾಬ್' ಜಾಲವು ಮಾಸ್ಟಡಾನ್ ತಂತ್ರಾಂಶಕ್ಕೆ ಬದಲಾದಾಗ ಬಹಳಷ್ಟು ಸರ್ವರುಗಳು ಅದರೊಡನೆ ಸಂಪರ್ಕವನ್ನು ಕಡಿದವು. ಅಲ್ಲಿ ಆ ಅಸ್ತ್ರ ಸದುದ್ದೇಶಕ್ಕೆ ಬಳಕೆಯಾಯಿತು. ಆದರೆ ಈ ನೆಲದಲ್ಲಿ ಬೆಂಕಿ-ನೀರು ನಿಲ್ಲಿಸುವ ಬಹಿಷ್ಕಾರದ ಅಸ್ತ್ರ ಯಾರ ಮೇಲೆ ಬಿದ್ದಿದೆ ಎಂಬುದು ನಮಗೆ ಗೊತ್ತಿದೆ.

ಆದ್ದರಿಂದ 2019ರ ಎರಡು ಅಸಮಾಧಾನಗಳನ್ನು ಒಂದೇ ಎಂದು ಎಣಿಸಬಾರದು. ಹಿರಿಯ ವಕೀಲರ ಖಾತೆಯ ಪ್ರಶ್ನೆ ಅಭಿವ್ಯಕ್ತಿ ಸ್ವಾತಂತ್ರ್ಯದ್ದು. ಅದಕ್ಕೆ ಬೇರೊಂದು ಸರ್ವರ್ ಪರಿಹಾರವಾಗಬಹುದು. ದಲಿತ ಬರಹಗಾರರ ಪ್ರಶ್ನೆ ಸಾರ್ವಜನಿಕ ಮನ್ನಣೆಯದು; ಎಲ್ಲರೂ ಕೂಡುವ ಚೌಕದಲ್ಲಿ ಸಮಾನ ಸ್ಥಾನ ಬೇಕೆನ್ನುವುದು. ಅವರಿಗೆ ಪ್ರತ್ಯೇಕ ಜಾಲಕ್ಕೆ ಹೋಗಿ ಎನ್ನುವುದು ಬೇರೆ ಬಾವಿ ತೋಡಿಕೊಳ್ಳಿ ಎಂದಂತೆಯೇ. ವಿಕೇಂದ್ರೀಕರಣವು ಮೊದಲ ಪ್ರಶ್ನೆಗೆ ಉತ್ತರ ಕೊಡುವಷ್ಟು ಸುಲಭವಾಗಿ ಎರಡನೆಯದಕ್ಕೆ ಕೊಡಲಾರದು.

7. ಅಗರಖೇಡದ ನೆಲೆಯಿಂದ

ಅಗರಖೇಡದಂಥ ಊರಿನ ಒಂದು ಭಜನಾ ಮೇಳಕ್ಕೆ ಈ ಬದಲಾವಣೆ ಅಗತ್ಯವೇ, ಸಾಧ್ಯವೇ ಎಂಬ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ಒಬ್ಬೊಬ್ಬ ಕಲಾವಿದನೂ ವಾಟ್ಸ್‌ಆ್ಯಪ್ ಬಿಟ್ಟು ಮಾಸ್ಟಡಾನಿಗೆ ಬರಬೇಕೆಂದು ಉಪದೇಶಿಸುವುದು ಅರ್ಥಹೀನ. ಅವನ ಬೀಗರು, ಬಳಗ, ಜಾತ್ರಾ ಸಮಿತಿಯವರು, ಕಾರ್ಯಕ್ರಮಕ್ಕೆ ಕರೆಯುವವರು ಎಲ್ಲರೂ ಅಲ್ಲಿದ್ದಾರೆ. ಯೂಟ್ಯೂಬಿನಿಂದ ಕೆಲವರಿಗೆ ಅಲ್ಪಸ್ವಲ್ಪ ಆದಾಯವೂ, ಅದಕ್ಕಿಂತ ಹೆಚ್ಚಾಗಿ ಹೆಸರೂ ಬರುತ್ತದೆ. ವಿಕೇಂದ್ರಿತ ಜಾಲಗಳು ಈ ಎರಡನ್ನೂ ಇನ್ನೂ ಕೊಡುತ್ತಿಲ್ಲ. ವಿಡಿಯೊ ಇಡಲು ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆ ರೂಪಿಸಿದ ಪಿಯರ್‌ಟ್ಯೂಬ್ ಎಂಬ ವಿಕೇಂದ್ರಿತ ತಂತ್ರಾಂಶವಿದೆ. ಆದರೆ ರಾತ್ರಿಯಿಡೀ ನಡೆಯುವ ಗೀಗೀ ಸವಾಲಿನ ವಿಡಿಯೊವನ್ನು ಇಡುವ ಸ್ಥಳ, ವಿದ್ಯುತ್ತು, ನಿರ್ವಹಣೆ ಒಂದು ಮೇಳದ ಶಕ್ತಿಗೆ ಮೀರಿದ್ದು.

ಹಾಗಾದರೆ ಬದಲಾಗಬೇಕಾದವರು ಯಾರು? ಉತ್ತರ ಸ್ಪಷ್ಟವಾಗಿದೆ: ಜಾನಪದವನ್ನು ಸಂಗ್ರಹಿಸುವುದೇ ಕೆಲಸವಾಗಿರುವ ಸಂಸ್ಥೆಗಳು. ಅಕಾಡೆಮಿಗಳು, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಜಿಲ್ಲಾ ಗ್ರಂಥಾಲಯಗಳು ಒಂದೊಂದು ಮೇಳವಾಗಿ ನಿಲ್ಲಬಲ್ಲವು. ಇವುಗಳ ಧ್ವನಿಮುದ್ರಣಗಳು ಕಂಪನಿಯೊಂದರ ಖಾತೆಯಲ್ಲಿ ಮಾತ್ರ ಇದ್ದರೆ ಅವುಗಳ ಆಯುಷ್ಯ ಆ ಕಂಪನಿಯ ಆಯುಷ್ಯಕ್ಕೆ ಕಟ್ಟುಬೀಳುತ್ತದೆ. ಕೂ ಮುಚ್ಚಿದಾಗ ಇದನ್ನು ಕಂಡೆವು. ಜರ್ಮನಿಯ ಸರ್ಕಾರಿ ಸಂಸ್ಥೆಗಳು, ಯುರೋಪಿಯನ್ ಒಕ್ಕೂಟದ ಸಂಸ್ಥೆಗಳು ತಮ್ಮದೇ ಮಾಸ್ಟಡಾನ್ ಸರ್ವರುಗಳನ್ನು ನಡೆಸಿ ನೋಡಿವೆ. ಒಕ್ಕೂಟದ ಪ್ರಾಯೋಗಿಕ ಸರ್ವರ್ 2022ರ ಏಪ್ರಿಲ್‌ನಲ್ಲಿ ಆರಂಭವಾಗಿ, ನಿರ್ವಹಣೆಗೆ ಹೊಸ ಹೊಣೆಗಾರರು ಸಿಗದೆ 2024ರ ಮೇ ತಿಂಗಳಲ್ಲಿ ನಿಂತಿತು. ಹಣವಿದ್ದರೂ ಹೊಣೆ ಹೊರುವವರಿಲ್ಲದಿದ್ದರೆ ಸರ್ವರು ನಿಲ್ಲುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕನ್ನಡಕ್ಕೆ ಈ ಬಗೆಯ ಸಾಮೂಹಿಕ ನಿರ್ವಹಣೆಯ ಅನುಭವ ಇಲ್ಲದಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಸ್ವಯಂಸೇವಕರೇ ಬೆಳೆಸುತ್ತಿದ್ದಾರೆ. ಅದರ ಸರ್ವರು ಒಂದೇ ಪ್ರತಿಷ್ಠಾನದ್ದಾದರೂ ಮುಕ್ತ ಪರವಾನಗಿಯಿಂದಾಗಿ ಇಡೀ ಪಠ್ಯವನ್ನು ಯಾರಾದರೂ ಪ್ರತಿಮಾಡಿ ಇಟ್ಟುಕೊಳ್ಳಬಹುದು. ಕಾನೂನಿನ ಹೊಣೆಯನ್ನೂ ಮರೆಯುವಂತಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ವಿಶೇಷ ಕಟ್ಟಳೆಗಳು 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರುಳ್ಳ ಜಾಲಗಳಿಗೆ ಅನ್ವಯಿಸುತ್ತವೆ. ಆದರೆ ದೂರು ಸ್ವೀಕರಿಸುವ ಅಧಿಕಾರಿ ಇರಬೇಕೆಂಬಂಥ ಮೂಲ ಹೊಣೆಗಾರಿಕೆ ಚಿಕ್ಕ ಜಾಲಗಳಿಗೂ ಇದೆ.

ಇನ್ನೊಂದು ಸೂಕ್ಷ್ಮ ಪ್ರಶ್ನೆ ಹೆಣ್ಣುಮಕ್ಕಳ ಹಾಡುಗಳದು. ಎ.ಕೆ. ರಾಮಾನುಜನ್ ಅವರು ತಮಿಳು ಕಾವ್ಯಶಾಸ್ತ್ರದ ಅಹಂ-ಪುರಂ ಪರಿಕಲ್ಪನೆಗಳನ್ನು ಬಳಸಿ ಮನೆಯೊಳಗಿನ ಕಥನಕ್ಕೂ ಬಯಲಿನ ಕಥನಕ್ಕೂ ಇರುವ ಭೇದವನ್ನು ತೋರಿಸಿದರು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡು ಒಳಗಿನದು. ಭೀಮಾ ತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದಾಗ ಒಳಗಿನದು ಗೌರವದಿಂದ ಬಯಲಿಗೆ ಬಂದಿತು. ಹಾಡಿದ ಒಬ್ಬೊಬ್ಬಳ ಹೆಸರಿಗಿಂತ ಗರತಿ ಎಂಬ ಸಾಮಾನ್ಯ ನಾಮವೇ ಗ್ರಂಥದ ಶೀರ್ಷಿಕೆಯಾಯಿತು. ಇಂದಿನ ಧ್ವನಿಮುದ್ರಣದಲ್ಲಿ ಮುಖವಿದೆ, ದನಿಯಿದೆ, ಊರಿದೆ. ವಿಕೇಂದ್ರಿತ ಜಾಲದಲ್ಲಿ ಒಮ್ಮೆ ಪ್ರಕಟವಾದದ್ದು ಹಲವು ಸರ್ವರುಗಳಿಗೆ ಪ್ರತಿಯಾಗುತ್ತದೆ. ಅಳಿಸಬೇಕೆಂಬ ಸಂದೇಶವನ್ನು ಎಲ್ಲ ಸರ್ವರುಗಳೂ ಪಾಲಿಸುತ್ತವೆಂಬ ಖಾತರಿಯಿಲ್ಲ. ಹಾಡಿದವಳು ನಾಳೆ ಬೇಡವೆಂದರೆ ಹಿಂದಕ್ಕೆ ಪಡೆಯುವುದು ಕಷ್ಟ. ಪ್ರತಿಗಳ ಬಾಹುಳ್ಯ ಪಠ್ಯಕ್ಕೆ ಆಯುಷ್ಯವಾದಂತೆ ವ್ಯಕ್ತಿಗೆ ಅಪಾಯವೂ ಆಗಬಲ್ಲದು. ಆದಕಾರಣ ಯಾವುದು ಎಲ್ಲರಿಗೆ, ಯಾವುದು ಅಧ್ಯಯನಕಾರರಿಗೆ ಮಾತ್ರ, ಯಾವುದು ಹಾಡಿದವರ ಮನೆಗೆ ಮಾತ್ರ ಎಂಬುದನ್ನು ಹಾಡಿದವರನ್ನೇ ಕೇಳಿ ಗೊತ್ತುಮಾಡಿಕೊಂಡು, ಆ ಮೇಲೆಯೇ ಜಾಲಕ್ಕೆ ಏರಿಸಬೇಕು.

8. ಸಮಾರೋಪ

ಮೇಲಿನ ಚರ್ಚೆಯಿಂದ ಹೊರಡುವ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು. ಪ್ರಮುಖ ಜಾಲಗಳಿಂದ ವಿಕೇಂದ್ರಿತ ಜಾಲಗಳಿಗೆ ವ್ಯಕ್ತಿಗಳು ಸಿಟ್ಟಿನಿಂದ ಹೊರಡುವುದು ಗುಳೆಯಾಗುತ್ತದೆ. ಸಂಬಂಧಗಳ ಸಮೇತ ಗುಂಪು ಹೊರಟಾಗ ಮಾತ್ರ ನೆಲೆಯಾಗುತ್ತದೆ. ಭಾಷೆ ನಮ್ಮದಾದ ಮಾತ್ರಕ್ಕೆ ಜಾಲ ನಮ್ಮದಾಗುವುದಿಲ್ಲ. ಸಮಾನ ಮಟ್ಟು, ಸ್ವತಂತ್ರ ಮೇಳ ಎಂಬ ರಚನೆ ನಮ್ಮ ಜನಪದರಿಗೆ ಪರಿಚಿತವಾದದ್ದರಿಂದ ಇದನ್ನು ಹೊರಗಿನ ವಿಚಾರವೆಂದು ಭಯಪಡಬೇಕಾಗಿಲ್ಲ. ಆದರೆ ಚಿಕ್ಕ ಸಮುದಾಯದ ಸೆನ್ಸಾರಿನಲ್ಲಿ ಬಹಿಷ್ಕಾರದ ಬೀಜವೂ ಇದೆಯೆಂಬ ಅರಿವಿಲ್ಲದೆ ವಿಕೇಂದ್ರೀಕರಣವನ್ನು ಕೊಂಡಾಡುವುದು ಹಳ್ಳಿಯನ್ನು ಕೊಂಡಾಡಿದಷ್ಟೇ ಅರೆಸತ್ಯ.

ಮಾಸ್ಟಡಾನನ್ನು ಕಟ್ಟಿದ ರಾಚ್ಕೊ 2025ರ ನವೆಂಬರ್‌ನಲ್ಲಿ ಮುಖ್ಯಾಧಿಕಾರಿಯ ಸ್ಥಾನವನ್ನು ಬಿಟ್ಟು, ಹೊಣೆಯನ್ನು ಲಾಭರಹಿತ ಸಂಸ್ಥೆಯ ತಂಡಕ್ಕೆ ವಹಿಸಿದರು. ಮುಮ್ಮೇಳದವನು ಡಪ್ಪು ಕೆಳಗಿಟ್ಟ ಮೇಲೂ ಪದ ನಡೆಯುತ್ತದೆಯೇ ಎಂಬುದೇ ಮೇಳದ ನಿಜವಾದ ಪರೀಕ್ಷೆ. ಆ ಪರೀಕ್ಷೆ ಅಲ್ಲಿ ಈಗಷ್ಟೇ ಆರಂಭವಾಗಿದೆ. ನಮ್ಮಲ್ಲಿ ಆಗಬೇಕಾದ ಕೆಲಸ ಇನ್ನೂ ಪ್ರಾಥಮಿಕವಾದುದು. ಅಕಾಡೆಮಿಗಳ ಬಳಿಯಿರುವ ಧ್ವನಿಮುದ್ರಣಗಳ ಪಟ್ಟಿ ಸಿದ್ಧವಾಗಬೇಕು. ಪ್ರತಿಯೊಂದರ ಕನಿಷ್ಠ ಮೂರು ಪ್ರತಿಗಳು ಮೂರು ಬೇರೆ ಸಂಸ್ಥೆಗಳಲ್ಲಿರಬೇಕು. ಹಾಡಿದವರ ಒಪ್ಪಿಗೆ ದಾಖಲಾಗಬೇಕು. ಒಂದು ಪ್ರತಿ ಹಾಡಿದ ಊರಿಗೇ ಮರಳಬೇಕು. ಇಷ್ಟಾದ ಮೇಲೆ ಯಾವ ತಂತ್ರಾಂಶ, ಯಾವ ಸರ್ವರು ಎಂಬುದನ್ನು ತಂತ್ರಜ್ಞರೊಡನೆ ಕುಳಿತು ನಿರ್ಧರಿಸಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮೇಳಗಳಲ್ಲಿ ಹಿರಿಯ ಕಂಠಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಈ ಕೆಲಸವನ್ನು ಮುಂದಿನ ಯೋಜನೆಗೆ ಬಿಡುವಂತಿಲ್ಲ.